ಅರವತ್ತು ದಿನದ ಚೀಲ

ಅರವತ್ತು ದಿನ ನಮ್ಮ ಮನೆಯಲ್ಲಿ ಯಾವ ಮನುಷ್ಯನ ಕೈಯೂ ಕಸ ಮುಟ್ಟುವುದಿಲ್ಲ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಹಲ್ಲುಜ್ಜುವ ಮೊದಲೇ. ಹಾಲ್‌ನ ಗೋಡೆಗೆ ಬೆನ್ನು ಕೊಟ್ಟು, ನನ್ನ ಮೊಣಕಾಲೆತ್ತರದ ಕಪ್ಪು ಡಬ್ಬವೊಂದು ಬಂದು ಕೂತಿತ್ತು. ಅದರ ಬುಡದಲ್ಲಿ ದೊಡ್ಡ ತಟ್ಟೆಯಂಥ ಯಂತ್ರ. ತಟ್ಟೆ ಮನೆಯೆಲ್ಲ ಸುತ್ತಿ ಕಸ ಹೀರಿಕೊಂಡು ಬರುತ್ತದೆ. ಡಾಕ್ ಎಂಬ ಈ ಡಬ್ಬ ಒಮ್ಮೆ ಭರ್ರೆಂದು ಅಬ್ಬರಿಸಿ ತಟ್ಟೆಯ ಹೊಟ್ಟೆಯಲ್ಲಿದ್ದುದನ್ನೆಲ್ಲ ಎಳೆದು ತನ್ನೊಳಗಿನ ಚೀಲಕ್ಕೆ ತುಂಬಿಕೊಳ್ಳುತ್ತದೆ. ಆ ಚೀಲ ತುಂಬಲು ಅರವತ್ತು ದಿನ ಬೇಕು. ಅಲ್ಲಿಯವರೆಗೆ ನಾವು ಕಾಲ ಮೇಲೆ ಕಾಲು ಹಾಕಿ ಕೂತರಾಯಿತು.

ಅದನ್ನು ಆರಿಸಲು ನಾನು ಮೂರು ವಾರ ತೆಗೆದುಕೊಂಡಿದ್ದೆ. ಚೀಲ ಇರುವುದು ಬೇಕೋ, ಚೀಲ ಇಲ್ಲದ್ದು ಬೇಕೋ? ಚೀಲ ಇಲ್ಲದ್ದಾದರೆ ಡಬ್ಬಿ ಬೋರಲು ಹಾಕುವಾಗ ಧೂಳೆಲ್ಲ ಮುಖಕ್ಕೇ ಹೊಡೆಯುತ್ತದೆ. ಸದ್ದು ಎಷ್ಟು? ಎರಡು ಪಕ್ಕಕ್ಕೂ ಎಷ್ಟೆಷ್ಟು ಜಾಗ ಬಿಡಬೇಕು? ನಾನು ಅಚ್ಚುಮನೆಗೆ ಕರಡು ತಿದ್ದುವವನು. ಇನ್ನೊಬ್ಬರ ತಪ್ಪು ಹುಡುಕಿಯೇ ಬದುಕುವ ನನ್ನ ಕಣ್ಣಿನಿಂದ ಯಂತ್ರದ ಕೈಪಿಡಿಯ ಒಂದು ಅಲ್ಪವಿರಾಮವೂ ತಪ್ಪಿಸಿಕೊಳ್ಳಲಿಲ್ಲ. ಮದುವೆಯಾಗುವಾಗಲೂ ಇಷ್ಟು ಯೋಚನೆ ಮಾಡಿರಲಿಲ್ಲ ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ.

"ಅದು ಗೊತ್ತಾಗುತ್ತೆ ಬಿಡಿ" ಎಂದಳು.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕಸವೆಂದರೆ ನಮ್ಮಲ್ಲಿ ದಾರದ ತುಂಡು, ಬಟ್ಟೆಯ ಚೂರು, ಉರುಳಿಹೋದ ಗುಂಡಿಗಳು. ಅರವತ್ತು ದಿನದೊಳಗೆ ಮುಚ್ಚಳ ತೆಗೆಯಬೇಕಾಗಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಳು. ತೆಗೆದ ದಿನದಿಂದ ಮುಂದಿನ ಅರವತ್ತು ದಿನ ನಾನೇ ಪೊರಕೆ ಹಿಡಿಯುತ್ತೇನೆ ಎಂದೆ. ಬರೀ ಬಾಯಿಮಾತು ಬೇಡವೆಂದು ಮುಚ್ಚಳದ ಮೇಲೆ ಕಾಗದದ ಪಟ್ಟಿ ಅಂಟಿಸಿ, ತಾರೀಖು ಹಾಕಿ, ಸಹಿಯನ್ನೂ ಮಾಡಿದೆ. ಖಜಾನೆಗೆ ಹಾಕುವ ಮುದ್ರೆಗೂ ಅಷ್ಟು ಗಾಂಭೀರ್ಯ ಇರುವುದಿಲ್ಲ.

ನಮ್ಮ ಜೊತೆಗಿರುವ ಮೂರನೆಯವರು ಮಾವ, ಅವಳ ತಂದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ನಲವತ್ತು ವರ್ಷ ಇನ್ನೊಬ್ಬರ ಮಾತಿಗೆ ತಂತಿ ಜೋಡಿಸಿದವರು. ಈಗ ಅವರ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೊಳಗೆ ಬೆರಳ ತುದಿಯಷ್ಟಿನ ಶ್ರವಣಯಂತ್ರ ಕೂರುತ್ತದೆ. ಅಷ್ಟುದ್ದ ಹೆಸರು ಯಾರು ಕರೆಯುತ್ತಾರೆ? ನಮ್ಮ ಮನೆಯಲ್ಲಿ ಅದಕ್ಕೆ 'ಕಿವಿ' ಎಂದೇ ಹೆಸರು. ಅಪ್ಪಾ ಕಿವಿ ಹಾಕ್ಕೋ, ಅಪ್ಪಾ ಕಿವಿ ತೆಗೆದಿಟ್ಟು ಸ್ನಾನ ಮಾಡು. ಹೊರಗಿನವರು ಕೇಳಿದರೆ ಗಾಬರಿಯಾಗಬೇಕು, ಹಾಗಿರುತ್ತದೆ ನಮ್ಮ ಮಾತು.

ಮೊದಲ ವಿಚಿತ್ರ ಕಾಣಿಸಿದ್ದು ನಕ್ಷೆಯಲ್ಲಿ. ತಟ್ಟೆ ಮನೆಯೆಲ್ಲ ಸುತ್ತಿ ನನ್ನ ಮೊಬೈಲಿಗೆ ನಕ್ಷೆ ಬರೆದು ಕಳಿಸಿತು. ಹಾಲ್, ಅಡುಗೆಮನೆ, ನಮ್ಮ ಕೋಣೆ, ಮಾವನ ಕೋಣೆ. ಮತ್ತೆ ಮಾವನ ಕೋಣೆಯ ಆಚೆಗೆ ಇನ್ನೊಂದು ಕೋಣೆ.

ನಾವಿರುವುದು ಮೂರನೆಯ ಮಹಡಿಯಲ್ಲಿ. ಮಾವನ ಕೋಣೆಯ ಆಚೆಗಿರುವುದು ಬರೀ ಗಾಳಿ. ಆದರೆ ನಕ್ಷೆಯಲ್ಲಿ ಅಲ್ಲೊಂದು ಕೋಣೆಯಿತ್ತು, ಮಾವನ ಕೋಣೆಯಷ್ಟೇ ದೊಡ್ಡದು, ಮಂಚಕ್ಕೆ ಮಂಚ, ಬಾಗಿಲಿಗೆ ಬಾಗಿಲು, ಎಲ್ಲ ತಿರುಗುಮುರುಗು. ಹೆಸರು ಕೊಡಿ ಎಂದು ಮೊಬೈಲು ಕೇಳಿತು. ತಮಾಷೆಗೆ 'ಇಲ್ಲದ ಕೋಣೆ' ಎಂದು ಬರೆದೆ. ಅಂದಿನಿಂದ ಪ್ರತಿ ಮಧ್ಯಾಹ್ನ ಎರಡೂವರೆಗೆ ತಟ್ಟೆ ಹೊರಟು ಗುಡಿಸುವುದು ಮುಗಿದ ಮೇಲೆ, ಮೊಬೈಲು ಒಂದು ಸಂದೇಶ ತೋರಿಸತೊಡಗಿತು: 'ಇಲ್ಲದ ಕೋಣೆ ತಲುಪಲಾಗಲಿಲ್ಲ. ನಾಳೆ ಮತ್ತೆ ಪ್ರಯತ್ನಿಸುತ್ತೇನೆ.'

ಹೋಗಿ ನೋಡಿದರೆ ತಟ್ಟೆ ಮಾವನ ಬೀರುವಿನ ಮುಂದೆ ನಿಂತಿರುತ್ತಿತ್ತು. ಆ ಬೀರುವಿಗೆ ನೆಲದವರೆಗೂ ನಿಲುವುಗನ್ನಡಿ. ತಟ್ಟೆ ಕನ್ನಡಿಗೆ ಮೆಲ್ಲಗೆ ಮೂತಿ ತಾಗಿಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ತಾಗಿಸುತ್ತದೆ. ಒಳಗಿರುವ ತಟ್ಟೆಯೂ ಹಾಗೇ ಮಾಡುತ್ತದೆ. ಕನ್ನಡಿಯೊಳಗಿನ ಕೋಣೆಯನ್ನು ಅದು ನಿಜವೆಂದು ನಂಬಿದೆ ಎಂದು ನನಗೆ ಅರ್ಥವಾಯಿತು. ಆದರೂ ಒಂದು ಕ್ಷಣ, ಎರಡರಲ್ಲಿ ನಮ್ಮದು ಯಾವುದು ಎಂಬ ಅನುಮಾನ ಬಂದು ಬೆನ್ನು ತಣ್ಣಗಾಯಿತು.

ಹನ್ನೊಂದನೆಯ ದಿನ ಡಬ್ಬ ಅಬ್ಬರಿಸುವಾಗ ಒಳಗೆ ಏನೋ ಟಕ್ ಎಂದಿತು.

"ಏನದು?" ಎಂದಳು ಹೊಲಿಗೆ ಯಂತ್ರದ ಹಿಂದಿನಿಂದ.

"ಗುಂಡಿ" ಎಂದೆ, ಕರಡಿನಿಂದ ತಲೆ ಎತ್ತದೆ. ಅದು ನಾನೇ ಬೀಳಲಿರುವ ಗುಂಡಿ ಎಂದು ಆಗ ಹೊಳೆಯಲಿಲ್ಲ.

ಅವತ್ತೇ ಮೂರು ಗಂಟೆಗೆ ಡಬ್ಬ ಅಳಲು ಶುರುಮಾಡಿತು. ಅಳು ಎನ್ನದೆ ಬೇರೆ ಏನೆನ್ನಲಿ? ಸೂಜಿಯಷ್ಟು ಸಣ್ಣ ದನಿ, ಉಯ್ಯ್ ಎಂದು ಎಳೆದು, ನಿಂತು, ಮತ್ತೆ ಎಳೆಯುತ್ತಿತ್ತು. ನಾನು ಹತ್ತಿರ ಹೋದೆ. ದನಿ ಬದಲಾಯಿತು. ಬಗ್ಗಿ ಡಬ್ಬದ ಮೇಲೆ ಕೈಯಿಟ್ಟೆ, ಬಂದೆಯಾ ಎಂಬಂತೆ ಇನ್ನೂ ಏರಿತು. ಕೈ ತೆಗೆದರೆ ಇಳಿಯಿತು. ಯಂತ್ರದ ದೋಷ ಎಂದು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಬಿಸಿಲು ಚೆನ್ನಾಗಿ ಬಿದ್ದಿದ್ದ ಹಾಲ್‌ನಲ್ಲಿ, ಕರೆಂಟೇ ಇಲ್ಲದ ಡಬ್ಬ ಅಳುತ್ತಲೇ ಇತ್ತು.

ಮುಚ್ಚಳ ತೆಗೆದು ನೋಡಿ ಎಂದಳು ಹೆಂಡತಿ. ಆಗಲಿ ಎಂದೆ. ಆದರೆ ಸಹಿ ಮಾಡಿದ ಪಟ್ಟಿ ನನ್ನನ್ನೇ ನೋಡುತ್ತಿತ್ತು. ಅರವತ್ತು ದಿನ ಎಂದವನು ಹನ್ನೊಂದಕ್ಕೇ ಮುದ್ರೆ ಒಡೆಯುವುದೇ? ಮರುದಿನವೂ ಹೇಳಿದಳು, ಆಗಲಿ ಎಂದೆ. ಅದರ ಮರುದಿನವೂ ಹೇಳಿದಳಂತೆ, ಅದು ನನಗೆ ನೆನಪಿಲ್ಲ.

ವಿಚಿತ್ರವೆಂದರೆ, ಆ ಡಬ್ಬಕ್ಕೆ ತಾಗಿದಂತೆ ಕುರ್ಚಿ ಹಾಕಿಕೊಂಡು ಪೇಪರ್ ಓದುವ ಮಾವನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಅಷ್ಟು ಗೋಳಿಡುತ್ತಿದ್ದರೂ ಮುಗುಳ್ನಗುತ್ತಾ ಹಾಳೆ ತಿರುಗಿಸುತ್ತಿದ್ದರು. ಈ ಅಳು ಕೆಲವರಿಗೆ ಮಾತ್ರ ಕೇಳಿಸುತ್ತದೆಯೇ ಎಂದು ಹೆಂಡತಿ ಪಿಸುಗುಟ್ಟಿದಳು. ಹುಚ್ಚು ಹುಚ್ಚಾಗಿ ಮಾತಾಡಬೇಡ ಎಂದು ಗದರಿದೆ. ನನಗೂ ಅದೇ ಭಯವಿದ್ದುದರಿಂದ ಸ್ವಲ್ಪ ಜೋರಾಗಿಯೇ ಗದರಿದೆ.

ಅದೇ ದಿನಗಳಲ್ಲಿ ಮಾವ ಬದಲಾದರು. ಸೆಖೆ ಕುದಿಯುತ್ತಿದ್ದರೂ ಕಿವಿ ಮುಚ್ಚುವಂಥ ಉಣ್ಣೆಯ ಟೋಪಿ ಹಾಕಿಕೊಂಡು ಕೂರುತ್ತಾರೆ. ಏನು ಕೇಳಿದರೂ ತಲೆಯಾಡಿಸಿ "ಆಗಲಿ" ಎನ್ನುತ್ತಾರೆ. ಅಪ್ಪಾ ಊಟಕ್ಕೇನು ಮಾಡಲಿ ಎಂದರೆ "ಅವನು ಒಳ್ಳೆಯವನೇ ಬಿಡು" ಎಂದರು. ಒಂದು ಮಧ್ಯಾಹ್ನ ನೋಡಿದರೆ ನಿಲುವುಗನ್ನಡಿಯ ಮುಂದೆ ಮಂಡಿಯೂರಿ, ಕೈ ಮುಂದೆ ಚಾಚಿ, ಕನ್ನಡಿಯೊಳಗಿನ ನೆಲವನ್ನು ತಡವುತ್ತಿದ್ದರು. ಪಕ್ಕದಲ್ಲೇ ತಟ್ಟೆ, ಅದೂ ಕನ್ನಡಿಗೆ ಮೂತಿ ತಾಗಿಸುತ್ತಿತ್ತು.

"ಏನು ಹುಡುಕ್ತಿದ್ದೀಯಪ್ಪಾ?"

"ಆಗಲಿ ಆಗಲಿ" ಎಂದರು ಮಾವ, ತಿರುಗಿಯೂ ನೋಡದೆ.

ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅವಳ ಸೋದರತ್ತೆಗೂ ಹೀಗೇ ಆಗಿತ್ತು. ಮೊದಲು ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧ ತಪ್ಪಿತು, ಆಮೇಲೆ ಹೆಸರುಗಳು ಹೋದವು, ಕೊನೆಗೆ ಮಕ್ಕಳ ಮುಖವೇ ಹೋಯಿತು. "ನನ್ನನ್ನೂ ಮರೀತಾನೆ ಕಣ್ರೀ" ಎಂದಳು. ಮಾವನೆಂದರೆ ನನಗೆ ಇಷ್ಟ. ಈ ಮನೆಯಲ್ಲಿ ನನ್ನನ್ನು 'ಅಳಿಯಂದ್ರೇ' ಎಂದು ಬಹುವಚನದಲ್ಲಿ ಕರೆಯುವ ಒಂದೇ ಜೀವ ಅದು. ಮರೆವಿಗೆ ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರ ಸೋಮವಾರಕ್ಕೆ ಸಮಯ ಗೊತ್ತುಮಾಡಿದೆವು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಡಬ್ಬದ ದನಿ ಕ್ಷೀಣವಾಗಿತ್ತು. ಐದು ದಿನ ಅತ್ತು ಅತ್ತು ಸೋತಂತೆ, ಎಳೆಯುವುದು ಕಮ್ಮಿ, ನಿಲ್ಲುವುದು ಜಾಸ್ತಿ. ಹಾಗಾದುದರಿಂದ ಭಯ ಇನ್ನೂ ಹೆಚ್ಚಾಯಿತು. ಮುದ್ರೆ ಒಡೆಯದೆ ಮರ್ಯಾದೆ ಉಳಿಸಿಕೊಳ್ಳುವ ಕೊನೆಯ ದಾರಿಯೆಂದು ನಾನು ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಮಾತಾಡಿದಳು. ಯಂತ್ರ ದಾರಿ ನೋಡುವ ಲೇಸರ್ ಬೆಳಕು ಕನ್ನಡಿಗೆ ಬಡಿದರೆ ಇಲ್ಲದ ಕೋಣೆ ಕಾಣುವುದು ಮಾಮೂಲಿ ಎಂದಳು. ಅಳುವುದು ಮಾಮೂಲಿಯೇ ಎಂದು ಕೇಳಿದೆ. ಅಂಥ ದೂರು ಪಟ್ಟಿಯಲ್ಲಿಲ್ಲ ಎಂದಳು.

ಅಷ್ಟರಲ್ಲಿ ಹೆಂಡತಿ ಎದ್ದಳು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಬಂದು ನನ್ನ ಸಹಿಯನ್ನು ಎರಡು ತುಂಡು ಮಾಡಿ, ಮುಚ್ಚಳ ತೆಗೆದು, ಚೀಲವನ್ನು ಪೇಪರ್ ಮೇಲಿಟ್ಟು ಕುಯ್ದಳು. ದಾರ, ಕೂದಲು, ಧೂಳು ಸೇರಿ ಕಟ್ಟಿದ ಬೂದುಬಣ್ಣದ ಮುದ್ದೆ. ಅದರ ನಡುವಿನಿಂದ ದನಿ ಬರುತ್ತಿತ್ತು. ಅವಳು ಎರಡೂ ಕೈ ಹಾಕಿ ಬಗೆದಳು. ಸಿಕ್ಕಿದ್ದನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡಿದಳು.

"ಅಪ್ಪನ ಕಿವಿ" ಎಂದಳು.

ನಾನು ಫೋನ್ ಹಿಡಿದೇ ಇದ್ದೆ. "ಚೀಲದೊಳಗೆ ನಮ್ಮ ಮಾವನ ಕಿವಿ ಸಿಕ್ತಮ್ಮ" ಎಂದೆ.

"ಏನು ಸಿಕ್ತು ಸರ್?"

"ಕಿವಿ. ಇನ್ನೂ ಜೀವ ಇದೆ, ಕೂಗ್ತಿದೆ."

"ಸರ್, ನಿಮ್ಮ ಮಾವ ಈಗ ಎಲ್ಲಿದ್ದಾರೆ?"

"ಇಲ್ಲೇ ಪಕ್ಕದಲ್ಲೇ ಕೂತಿದ್ದಾರೆ. ಟೋಪಿ ಹಾಕ್ಕೊಂಡು ನಗ್ತಿದ್ದಾರೆ."

ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಆ ನಂಬರಿನವರು ನನ್ನ ಫೋನ್ ಎತ್ತಿಲ್ಲ.

ಹೆಂಡತಿ ತಂದೆಯ ಟೋಪಿ ತೆಗೆದಳು. ಬಲಗಿವಿ ಖಾಲಿ. ಮಾವ ಕಳ್ಳ ಸಿಕ್ಕಿಬಿದ್ದಂತೆ ಮುಖ ಮಾಡಿದರು. ಕಿವಿಯ ಹೊರಗಿದ್ದು ಏನಾದರೂ ಮುಚ್ಚಿಕೊಂಡರೆ ಹೀಗೇ ಕೂಗುವ ಯಂತ್ರವನ್ನು ಒರೆಸಿ, ಹೊಸ ಬ್ಯಾಟರಿ ಹಾಕಿ, ಕಿವಿಗೆ ಕೂರಿಸಿದೆವು. ಊಟದ ಮೇಲೆ ಮಲಗುವಾಗ ತೆಗೆದು ದಿಂಬಿನ ಪಕ್ಕ ಇಟ್ಟಿದ್ದರಂತೆ, ಎದ್ದಾಗ ಇರಲಿಲ್ಲವಂತೆ. ನೆಲಕ್ಕೆ ಉರುಳಿದ್ದನ್ನು ತಟ್ಟೆ ಕಸವೆಂದು ಹೀರಿಕೊಂಡಿತ್ತು.

"ಯಾಕಪ್ಪಾ ಹೇಳ್ಲಿಲ್ಲ?"

"ಹೋದ ಸಲ ಅಂಗಿ ಜೊತೆ ಒಗೆದುಬಿಟ್ಟಾಗ ವಾರ ಪೂರ್ತಿ ಬೈದಿದ್ದೆಯಲ್ಲಮ್ಮ" ಎಂದರು ಮಾವ.

ಕೇಳಿದ್ದಕ್ಕೆ ಸರಿಯಾದ ಉತ್ತರ. ಅಷ್ಟೇ ಸಾಕಾಯಿತು ಅವಳಿಗೆ. ಧೂಳಾದ ಕೈಗಳಲ್ಲೇ ತಂದೆಯ ಮುಖ ಹಿಡಿದು ಅತ್ತಳು, ನಕ್ಕಳು, ಬೈದಳು, ಮೂರೂ ಒಟ್ಟಿಗೇ. ಸೋಮವಾರದ ಡಾಕ್ಟರಿಗೆ ಬರುವುದಿಲ್ಲವೆಂದು ಹೇಳಿದೆವು. ಸಂತೋಷಕ್ಕೆ ನನ್ನ ಕಣ್ಣಲ್ಲೂ ನೀರು ಬಂತು. ಧೂಳಿಗೆ ಎಂದು ಹೇಳಿಕೊಂಡೆ.

ಮುಚ್ಚಳ ತೆಗೆದದ್ದು ನೀನು, ನಾನಲ್ಲ, ಆದ್ದರಿಂದ ಶರತ್ತು ನನಗೆ ತಗಲುವುದಿಲ್ಲ ಎಂದು ಸಂಜೆ ವಾದ ಹೂಡಿದೆ. ಅವಳು ಪೊರಕೆ ತಂದು ನನ್ನ ಕರಡಿನ ಹಾಳೆಗಳ ಮೇಲೆ ಇಟ್ಟುಹೋದಳು.

ಮರುದಿನದಿಂದ ನಮ್ಮ ಮನೆಯಲ್ಲಿ ಎರಡೂವರೆಗೆ ಹೊರಡುವುದು ನಾನು. ತಟ್ಟೆ ಡಾಕ್‌ನಲ್ಲಿ ಕೂತು ಹಸಿರು ದೀಪ ಉರಿಸಿಕೊಂಡು ನೋಡುತ್ತದೆ. ಮೊದಲ ದಿನ ಹಾಲ್ ಮುಗಿಸಿ, ಅಡುಗೆಮನೆ ಮುಗಿಸಿ, ಮಾವನ ಕೋಣೆಗೆ ಬಂದೆ. ಮಾವ ಮಂಚದ ಅಂಚಿಗೆ ಕೂತಿದ್ದರು, ಹೆಂಡತಿ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು. ಸೊಂಟ ಬಗ್ಗಿಸಿ ಗುಡಿಸುತ್ತಾ ನಿಲುವುಗನ್ನಡಿಯ ಹತ್ತಿರ ಬಂದಾಗ ಹಿಂದಿನಿಂದ ದನಿ ಕೇಳಿಸಿತು.

"ಏಯ್, ಮೂಲೆ ಬಿಟ್ಟೆ ನೋಡೋ."

ನನ್ನ ಕೈ ನಿಂತಿತು. ಮದುವೆಯಾದಾಗಿನಿಂದ ಮಾವ ನನ್ನನ್ನು ಒಮ್ಮೆಯೂ ಏಕವಚನದಲ್ಲಿ ಕರೆದವರಲ್ಲ. ಮೆಲ್ಲಗೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನನ್ನು ದಾಟಿ ಕನ್ನಡಿಯೊಳಕ್ಕೆ ನೋಡುತ್ತಿದ್ದರು. ಹೆಂಡತಿಯ ಮುಖ ಬಿಳಿಚಿಕೊಂಡಿತು. ಅವಳ ಸೋದರತ್ತೆ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾದಳು.

"ಯಾರಿಗಪ್ಪಾ ಹೇಳ್ತಿದ್ದೀಯ?" ಎಂದಳು, ಮಡಿಸುತ್ತಿದ್ದ ಬಟ್ಟೆ ಬಿಟ್ಟು.

"ಒಳಗಿರೋನಿಗಮ್ಮ" ಎಂದರು ಮಾವ, ಕಿವಿಯಲ್ಲಿದ್ದ ಯಂತ್ರವನ್ನು ಬೆರಳಿಂದ ಒತ್ತಿಕೊಳ್ಳುತ್ತಾ. "ಐದು ದಿನ ನನಗೆ ಕಿವಿ ಇರ್ಲಿಲ್ಲ, ಆಗಲಿ ಆಗಲಿ ಅಂದೆ. ಅಳಿಯಂದ್ರಿಗೆ ಎರಡೂ ಕಿವಿ ಇದ್ದು ಅದನ್ನೇ ಅಂದ್ರಂತಲ್ಲ. ಅವ್ರಿಗೆ ಹೇಳಿ ಏನು ಪ್ರಯೋಜನ?"

ಒಳಗಿದ್ದವನು ತಲೆ ತಗ್ಗಿಸಿ, ಆ ಮೂಲೆ ಗುಡಿಸಿದ.