ಗಡಿಯಾರದಣ್ಣನ ಎಪ್ಪತ್ತು ನಿಮಿಷ

ಗಡಿಯಾರದಣ್ಣನ ಮೈ ಸರಿಯಾಗಿ ಎಪ್ಪತ್ತು ನಿಮಿಷ ನಡೆಯುತ್ತಿತ್ತು. ಬಿಸಿ ಯೋಗದ ತರಗತಿ ತೊಂಬತ್ತು ನಿಮಿಷದ್ದು. ಮುಂದೆ ನಡೆದ ಅವಾಂತರವೆಲ್ಲ ನಡುವಿನ ಆ ಇಪ್ಪತ್ತು ನಿಮಿಷದಿಂದಲೇ ಹುಟ್ಟಿದ್ದು.

ಮೂವತ್ತು ವರ್ಷ ಊರಿನವರ ಕೈಗಡಿಯಾರ, ಗೋಡೆಗಡಿಯಾರ ರಿಪೇರಿ ಮಾಡಿ ಮಾಡಿ ಅವನಿಗೆ ಆ ಹೆಸರು ಅಂಟಿತ್ತು. ಹೆಸರಿನ ಜೊತೆಗೇ ಬಗ್ಗಿದ ಬೆನ್ನು, ಬಲಕ್ಕೆ ತಿರುಗದ ಕತ್ತು, ಮೇಜಿನ ಅಂಚಿಗೆ ಒರಗಿಸಿ ಇಡಬಹುದಾದಂಥ ಹೊಟ್ಟೆ, ಇವೂ ಅಂಟಿಕೊಂಡವು. ಬಲಗಡೆಯಿಂದ ಗಿರಾಕಿ ಕರೆದರೆ ಅವನು ಕುರ್ಚಿಸಮೇತ ತಿರುಗಬೇಕಾಗಿತ್ತು. ಡಾಕ್ಟರು, "ಈ ಕತ್ತಿಗೆ ಮಾತ್ರೆ ಸಾಲದು, ಬಿಸಿ ತಾಗಬೇಕು, ಮೈ ಬಗ್ಗಬೇಕು" ಅಂದರು. ಅಷ್ಟೇ ಸಾಕಾಯಿತು. ಹೆಂಡತಿ ಮಾರನೇ ದಿನವೇ ಕರೆದುಕೊಂಡು ಹೋಗಿ ಸಂಜೆಯ ಬಿಸಿ ಯೋಗಕ್ಕೆ ಸೇರಿಸಿ ಬಂದಳು. ಇದು ಮೂರು ವಾರದ ಹಿಂದಿನ ಮಾತು.

ಅದೊಂದು ಮುಚ್ಚಿದ ಕೋಣೆ. ಬಾಗಿಲ ಮೇಲೆ 'ನಲವತ್ತು ಡಿಗ್ರಿ' ಎಂದು ದಪ್ಪಕ್ಷರದ ಬೋರ್ಡು. ಒಳಗೆ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಕನ್ನಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಚಕ್ರಗಳನ್ನು ನೋಡುತ್ತ ಬಾಳಿದವನಿಗೆ ಅಲ್ಲಿ ತನ್ನನ್ನೇ ಮೂರು ದಿಕ್ಕಿನಿಂದ ನೋಡಿಕೊಳ್ಳುವ ಶಿಕ್ಷೆ. ಟೀಚರಮ್ಮ, "ಬಗ್ಗಿ ಕಾಲ್ಬೆರಳು ಮುಟ್ಟಿ" ಅಂದರೆ ಉಳಿದವರು ಬೆರಳು ಮುಟ್ಟುತ್ತಿದ್ದರು. ಇವನು ಮೊಣಕಾಲಿನ ತನಕ ಇಳಿದು, ಬೆರಳುಗಳಿಗೆ ಅಲ್ಲಿಂದಲೇ ನಮಸ್ಕಾರ ಹೇಳಿ ಮೇಲೇಳುತ್ತಿದ್ದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಮನೆಗೆ ಹೋಗಿ ನಗುತ್ತಾರೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಆದರೆ ಎರಡನೇ ವಾರ ಒಂದು ಬೆಳಿಗ್ಗೆ ಬಲಗಡೆಯಿಂದ ಗಿರಾಕಿ "ಅಣ್ಣಾ" ಅಂದಾಗ ಕುರ್ಚಿ ಅಲುಗಲಿಲ್ಲ, ಕತ್ತು ತಿರುಗಿತು. ನಾಲ್ಕು ವರ್ಷದಲ್ಲಿ ಅದೇ ಮೊದಲು. ಗಿರಾಕಿ ಹೋದ ಮೇಲೆ ಅವನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಬಲಗೋಡೆಯ ಮೇಲೆ ತೂಗುತ್ತಿದ್ದ ಕ್ಯಾಲೆಂಡರು ನಾಲ್ಕು ವರ್ಷ ಹಳೆಯದು ಎಂದು ಆಗ ಗೊತ್ತಾಯಿತು. ಅವನ ಕಣ್ಣು ತುಂಬಿ ಬಂತು. ಏನೇ ಆಗಲಿ ಆ ಕೋಣೆ ಬಿಡಬಾರದು ಎಂದು ಅಂದೇ ನಿಶ್ಚಯ ಮಾಡಿದ.

ನಿಶ್ಚಯ ಮಾಡಿದ್ದು ಅವನು, ಮೈ ಅಲ್ಲ. ದಿನವೂ ಎಪ್ಪತ್ತು ನಿಮಿಷವಾಗುತ್ತಲೇ ಕಣ್ಣು ಕತ್ತಲಿಟ್ಟು, ಅಂಬೆಗಾಲಿಕ್ಕುತ್ತ ಬಾಗಿಲಿಗೆ ಹೋಗುತ್ತಿದ್ದ. ನೋಡುವಷ್ಟು ನೋಡಿ ಟೀಚರಮ್ಮ ನಿನ್ನೆ ಮೆತ್ತಗೆ ಹೇಳಿದ್ದರು.

"ಅಣ್ಣಾ, ಮೈಗೆ ಹಿಂಸೆ ಕೊಡೋದು ಬೇಡ. ನಾಳೆ ಒಂದು ದಿನ ನೋಡೋಣ. ಕೊನೇ ತನಕ ಒಳಗೇ ಇದ್ರೆ ಈ ಬ್ಯಾಚಲ್ಲೇ ಇರಿ. ಆಗ್ಲಿಲ್ವೋ, ಬೆಳಿಗ್ಗೆ ಕುರ್ಚಿ ಬ್ಯಾಚಿಗೆ ಬಂದ್ಬಿಡಿ. ಅಲ್ಲಿ ಬಿಸಿನೂ ಇಲ್ಲ, ಬಗ್ಗೋದೂ ಇಲ್ಲ."

ಬಿಸಿ ಇಲ್ಲವೆಂದರೆ ಕತ್ತು ಮತ್ತೆ ಕುರ್ಚಿಯ ಪಾಲು. ಅದೂ ಸಾಲದೆ ಕುರ್ಚಿ ಬ್ಯಾಚಿನಲ್ಲಿ ಅವನ ಅತ್ತೆ ಇದ್ದರು. ಸುದ್ದಿ ಅವರಿಗೆ ಅದು ಹೇಗೆ ಮುಟ್ಟಿತೋ, ರಾತ್ರಿ ಊಟಕ್ಕೆ ಮುಂಚೆಯೇ ಫೋನು ಬಂತು. "ಅಳಿಯಂದಿರೇ, ಏನೂ ಬೇಜಾರು ಮಾಡ್ಕೋಬೇಡಿ, ನನ್ನ ಪಕ್ಕದ ಕುರ್ಚಿ ಹಿಡಿದಿಟ್ಟಿದೀನಿ."

ಟೀಚರಮ್ಮ ನಿನ್ನೆ ಇನ್ನೊಂದು ಮಾತೂ ಹೇಳಿದ್ದರು. ಕೋಣೆಯ ಗೋಡೆಗಡಿಯಾರ ಅವರ ತಾತನ ಕಾಲದ್ದು, ನಿಂತುಹೋಗಿತ್ತು. ಅದನ್ನೊಂದಿಷ್ಟು ನೋಡಿಕೊಡಬೇಕು. ಹಾಗಾಗಿ ಇವತ್ತು ಬೆಳಿಗ್ಗೆ ಅದು ಗಡಿಯಾರದಣ್ಣನ ಮೇಜಿನ ಮೇಲೆ ಹೊಟ್ಟೆ ತೆರೆದುಕೊಂಡು ಮಲಗಿತ್ತು. ಬೆವರಿನ ಹಬೆಗೆ ಒಳಗೆಲ್ಲ ಜಿಡ್ಡು. ಒರೆಸಿ, ಎಣ್ಣೆ ಬಿಟ್ಟು, ಹನ್ನೊಂದು ಗಂಟೆಗೆ ಲೋಲಕ ತೂಗಿಬಿಟ್ಟಾಗ ಅದು ಗಂಭೀರವಾಗಿ ಟಿಕ್, ಟಿಕ್ ಎಂದು ನಡೆಯತೊಡಗಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಅವನು ಜಾಣ.

ಡ್ರಾಯರಿನಲ್ಲಿ ಬೇರೆ ಯಾವುದೋ ಗಡಿಯಾರದ ಗಿಡ್ಡ ಲೋಲಕವೊಂದು ಬಿದ್ದಿತ್ತು. ಲೋಲಕ ಗಿಡ್ಡವಾದರೆ ಗಡಿಯಾರ ಓಡುತ್ತದೆ, ಇದು ಆ ಕಸುಬಿನ ಮೊದಲ ಪಾಠ. ಸುಮ್ಮನೆ ನೋಡೋಣವೆಂದು ಸಿಕ್ಕಿಸಿದ. ತಿರುಪು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಮಧ್ಯಾಹ್ನದ ಹೊತ್ತಿಗೆ ತನ್ನ ಕೈಗಡಿಯಾರದಲ್ಲಿ ಎಪ್ಪತ್ತು ನಿಮಿಷವಾದರೆ ಅದರಲ್ಲಿ ತೊಂಬತ್ತಾಗುವಂತೆ ಕೂರಿಸಿಬಿಟ್ಟಿದ್ದ. ಯೋಗದ ಕೋಣೆಗೆ ಫೋನಾಗಲಿ ವಾಚಾಗಲಿ ಒಯ್ಯುವಂತಿಲ್ಲ, ಎಲ್ಲವೂ ಹೊರಗಿನ ಮರದ ಪೆಟ್ಟಿಗೆಯಲ್ಲಿ. ಒಳಗೆ ಹೊತ್ತು ಹೇಳುವುದು ಇದೊಂದೇ.

ಮನಸ್ಸು ಚುಚ್ಚದೆ ಇರಲಿಲ್ಲ. ಆದರೆ ಮೂವತ್ತು ವರ್ಷ ಊರಿಗೆಲ್ಲ ಸರಿಯಾದ ಹೊತ್ತು ಕೊಟ್ಟವನು ಒಂದು ದಿನದ ಮಟ್ಟಿಗೆ ಇಪ್ಪತ್ತು ನಿಮಿಷ ಇಟ್ಟುಕೊಂಡರೆ ಊರೇನೂ ಮುಳುಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ನಾಳೆ ಇನ್ನೊಮ್ಮೆ ಎಣ್ಣೆ ಬಿಡಬೇಕು ಎಂಬ ನೆಪದಲ್ಲಿ ಬಿಚ್ಚಿ ಹಳೆಯ ಲೋಲಕ ಹಾಕಿದರಾಯಿತು.

ಊಟ ತಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಏನ್ರೀ, ಒಬ್ಬರೇ ಕೂತು ನಗ್ತಾ ಇದೀರಿ?"

"ಗಡಿಯಾರ ಚೆನ್ನಾಗಿ ಓಡ್ತಾ ಇದೆ ಕಣೇ."

"ಅದು ಓಡ್ಲಿ. ನೀವು ಇವತ್ತು ನಡುವೆ ಎದ್ದು ಓಡಿ ಬರಬೇಡಿ. ಅಮ್ಮ ಆಗ್ಲೇ ಕುರ್ಚಿಗೆ ಮೆತ್ತೆ ಹೊಲಿಸ್ತಾ ಇದಾಳೆ, ನಿಮಗೆ."

ಸಂಜೆ ಆರಕ್ಕೆ ಸರಿಯಾಗಿ ಗಡಿಯಾರ ಗೋಡೆಗೇರಿತು, ತರಗತಿ ಶುರುವಾಯಿತು. ಗಡಿಯಾರದಣ್ಣನ ಎಡಚಾಪೆಯಲ್ಲಿ ನಿವೃತ್ತ ಹೆಡ್‌ಮಿಸ್, ಬಲಚಾಪೆಯಲ್ಲಿ ಬೇಕರಿಯವನು. ಇಬ್ಬರೂ ಅವನ ಬೀದಿಯವರೇ. ಇಬ್ಬರಿಗೂ ಇವತ್ತಿನ ಪರೀಕ್ಷೆಯ ವಿಷಯ ಪೂರ್ತಿ ಗೊತ್ತು ಎನ್ನುವುದು ಅವರು ನೋಡಿದ ನೋಟದಲ್ಲೇ ತಿಳಿಯುತ್ತಿತ್ತು.

ಹೆಡ್‌ಮಿಸ್ ಮೊದಲು ಗಡಿಯಾರವನ್ನು ನೋಡಿದರು. "ಇದಕ್ಕೇನು ಇಷ್ಟು ಅವಸರ?"

"ಹೊಸ ಎಣ್ಣೆ ಮೇಡಂ."

"ಎಣ್ಣೆ ಬಿಟ್ರೆ ಹೀಗೆ ಓಡುತ್ತೆ ಅಂದ್ರೆ ನನ್ನ ಮೊಣಕಾಲಿಗೂ ಎರಡು ತೊಟ್ಟು ಬಿಡಿ."

ಬೇಕರಿಯವನು ಹತ್ತಿರ ಬಗ್ಗಿದ. "ಅಣ್ಣಾ, ಇವತ್ತು ಹೇಗಾದ್ರೂ ಮಾಡಿ ಉಳ್ಕೊಳ್ಳಿ. ನೀವು ಉಳಿದ್ರೆ ನಾವು ಉಳಿದ ಹಾಗೆ. ಏನು ಬೇಕಾದ್ರೂ ಕೇಳಿ, ನಾನಿದೀನಿ."

ಗಡಿಯಾರದಣ್ಣನಿಗೆ ಎದೆ ತುಂಬಿತು. ಬರೀ ಬ್ರೆಡ್ಡು ಕೊಂಡ ಪರಿಚಯಕ್ಕೆ ಇಷ್ಟು ಅಂತಃಕರಣವೇ ಎಂದು ಬೆರಗಾದ. ಮೋಸದ ಲೋಲಕ ನೆನಪಾಗಿ ಅವನ ಕಣ್ಣು ತಾನಾಗಿ ಕೆಳಗಿಳಿಯಿತು.

ಮೊದಲ ಅರ್ಧ ಗಂಟೆ ಎಲ್ಲ ಸರಿಯಾಗಿತ್ತು. ಆಮೇಲೆ ಅವನು ಮರೆತಿದ್ದ ಒಂದು ಸಂಗತಿ ಎದ್ದು ಬಂತು. ಪಾಠದಲ್ಲಿ ಇಪ್ಪತ್ತಾರು ಆಸನ. ಯಾವ ಆಸನದಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಟೀಚರಮ್ಮ ಬಾಯಲ್ಲಿ ಎಣಿಸುತ್ತಿದ್ದರು, ಆ ಎಣಿಕೆಗೂ ಗಡಿಯಾರಕ್ಕೂ ಸಂಬಂಧವಿಲ್ಲ. ಗಡಿಯಾರ ನೋಡುತ್ತಿದ್ದದ್ದು ನಡುವಿನ ಬಿಡುವು ಕೊಡಲಿಕ್ಕೆ ಮಾತ್ರ. ಹನ್ನೆರಡನೆಯ ಆಸನ ಮುಗಿಸಿ ಅವರು ಗೋಡೆಯತ್ತ ನೋಡಿ ಗಾಬರಿಯಾದರು.

"ಏನಿದು, ಇಷ್ಟು ಹಿಂದೆ ಬಿದ್ದಿದೀವಾ? ಇವತ್ತು ನೀರಿನ ಬಿಡುವು ಬೇಡ. ಹಾಗೇ ಮುಂದಕ್ಕೆ ಹೋಗೋಣ."

ಗಡಿಯಾರದಣ್ಣ ಆ ನೀರಿನ ಬಿಡುವನ್ನೇ ನಂಬಿಕೊಂಡಿದ್ದ. ಹದಿನಾರನೆಯದರ ಹೊತ್ತಿಗೆ ಎರಡು ನಿಮಿಷ ಅಂಗಾತ ಮಲಗುವ ಬಿಡುವೂ ಹೋಯಿತು. ಮೇಲೇಳಿ, ಕೆಳಗಿಳಿಯಿರಿ, ಹೊರಳಿ, ಮತ್ತೆ ಏಳಿ. ಗಡಿಯಾರ ಓಡಿದಷ್ಟೂ ಟೀಚರಮ್ಮ ಓಡಿಸಿದರು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದನ್ನು ಅವನು ಕೇಳಿ ಬಲ್ಲ, ಬೆವರು ಸುರಿಸುತ್ತ ಮೂರು ಕನ್ನಡಿಯಲ್ಲಿ ಬೀಳುವುದನ್ನು ಈಗ ಕಣ್ಣಾರೆ ಕಂಡ.

ಒಂಟಿ ಕಾಲಿನ ಆಸನದಲ್ಲಿ ಆಸರೆಗೆಂದು ಬೇಕರಿಯವನ ಹೆಗಲು ಹಿಡಿದ. ಬೆವರಿಗೆ ಕೈ ಜಾರಿತು. ಬೇಕರಿಯವನು ಇವನ ಸೊಂಟದ ಪಟ್ಟಿಗೆ ಕೈಹಾಕಿ, ಒಲೆಯಿಂದ ತಟ್ಟೆ ಎಳೆಯುವ ಹದದಲ್ಲಿ ಸರಕ್ಕನೆ ಎಳೆದು ನಿಲ್ಲಿಸಿದ. ಮುಂದಿನದರಲ್ಲಿ ಚಾಪೆಯೇ ಜಾರಿ ಕನ್ನಡಿಯ ಕಡೆಗೆ ಹೊರಟಿತು. ಹೆಡ್‌ಮಿಸ್ ತಮ್ಮ ಆಸನ ಬಿಡದೆ ಒಂದು ಕಾಲು ಚಾಚಿ ಚಾಪೆಯ ಅಂಚು ತುಳಿದರು. ನೀರಿನ ಬಾಟಲಿಯೊಂದು ಬಲಗಡೆಯಿಂದ ಉರುಳಿಕೊಂಡು ಬಂತು. ಎಡಗಡೆಯಿಂದ ಒದ್ದೆ ಟವೆಲು ಹಾರಿಬಂದು ಕತ್ತಿನ ಮೇಲೆ ಬಿತ್ತು. ಹಿಂದಿನ ಸಾಲಿನಿಂದ ಯಾರೋ ಚಾಪೆಯ ತುದಿ ಎತ್ತಿ ಎತ್ತಿ ಗಾಳಿ ಬೀಸುತ್ತಿದ್ದರು.

"ಉಸಿರು ಬಿಡಿ" ಎಂದು ಹೆಡ್‌ಮಿಸ್ ಪಿಸುಗುಟ್ಟಿದರು. "ಆಗ್ಲಿಂದ ಬರೀ ಎಳ್ಕೋತಾನೇ ಇದೀರಿ."

"ಇನ್ನು ನಾಲ್ಕೇ ನಾಲ್ಕು ಅಣ್ಣಾ. ಬಾಗಿಲ ಕಡೆ ಮಾತ್ರ ನೋಡಬೇಡಿ" ಅಂದ ಬೇಕರಿಯವನು.

ಬಗ್ಗಿದವನು ಕಾಲುಗಳ ಸಂದಿಯಿಂದ ನೋಡಿದ. ಮೂರೂ ಕನ್ನಡಿಯಲ್ಲಿ ತಲೆಕೆಳಗಾಗಿ ನಿಂತಿದ್ದ ಇಡೀ ಬ್ಯಾಚು ಅವನನ್ನೇ ನೋಡುತ್ತಿತ್ತು. ಆದರೆ ಯಾರ ಮುಖದಲ್ಲೂ ನಗುವಿರಲಿಲ್ಲ. ಪರೀಕ್ಷೆ ಬರೆಯುವ ಮಗುವನ್ನು ಕಿಟಕಿಯಿಂದ ನೋಡುವ ತಾಯಂದಿರ ಹಾಗೆ ಎಲ್ಲರ ಮುಖದಲ್ಲೂ ಆತಂಕ. ಮೂರು ವಾರ ಯಾರ ಕಣ್ಣಿಗೂ ಬೀಳಬಾರದೆಂದು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆನಲ್ಲ, ಇಂಥವರ ಮುಂದೆಯೇ ಎಂದು ಅವನಿಗೆ ನಾಚಿಕೆಯಾಯಿತು. ಆ ಕ್ಷಣವೇ ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟ. ಬಿಟ್ಟ ಮೇಲೆ ಉಸಿರೂ ಸರಾಗವಾಯಿತು.

ಗಡಿಯಾರ ಢಣ್ ಎಂದು ಏಳೂವರೆ ಹೊಡೆಯುವುದಕ್ಕೂ ಇಪ್ಪತ್ತಾರನೆಯ ಆಸನ ಮುಗಿಯುವುದಕ್ಕೂ ಸರಿಹೋಯಿತು. ಗಡಿಯಾರದಣ್ಣ ಚಾಪೆಯ ಮೇಲೆ ಬಿದ್ದುಕೊಂಡ. ಆದರೆ ಬಿದ್ದದ್ದು ಕೋಣೆಯ ಒಳಗೆ. ಇಡೀ ಬ್ಯಾಚು ಚಪ್ಪಾಳೆ ತಟ್ಟಿತು. ಬೇಕರಿಯವನಂತೂ ಎರಡೂ ಕೈ ಹಿಡಿದು ಎಬ್ಬಿಸಿ, ಒದ್ದೆ ಮೈಯೆಂದೂ ನೋಡದೆ ತಬ್ಬಿಕೊಂಡ.

"ನಿಮ್ಮನ್ನೆಲ್ಲ ಸಾಯೋ ತನಕ ಮರೆಯಲ್ಲ" ಅಂದ ಗಡಿಯಾರದಣ್ಣ.

ಟೀಚರಮ್ಮನ ಕಣ್ಣೂ ಒದ್ದೆಯಾಗಿತ್ತು. "ಅಣ್ಣಾ, ಈಗ ಹೇಳಬಹುದು. ನೀವು ಸೇರಿದ ದಿನ ನಿಮ್ಮ ಮುಖ ನೋಡಿ ನನಗೆ ಭಯ ಆಗಿತ್ತು. ಏನಾದ್ರೂ ಹೆಚ್ಚುಕಮ್ಮಿ ಆದೀತು ಅಂತ ಹೀಟರನ್ನ ಮೂವತ್ತಮೂರಕ್ಕೇ ಇಟ್ಟಿದ್ದೆ. ಈ ಮೂರು ವಾರ ಒಂದು ದಿನವೂ ನಲವತ್ತಕ್ಕೆ ಏರಿಸಿಲ್ಲ. ಇನ್ನು ಆ ಚಿಂತೆ ಇಲ್ಲ. ನಾಳೆಯಿಂದ ಮೊದಲಿನ ಹಾಗೆ ನಲವತ್ತು."

ಚಪ್ಪಾಳೆ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ನರಳಿದರು. ತಬ್ಬಿಕೊಂಡಿದ್ದ ಬೇಕರಿಯವನ ಕೈ ಸಡಿಲವಾಯಿತು.

"ಎಲ್ಲರಿಗೂ ಗೊತ್ತಿತ್ತಾ?" ಎಂದು ಗಡಿಯಾರದಣ್ಣ ಕೇಳಿದ.

"ಗೊತ್ತಿಲ್ದೆ ಏನು" ಅಂದ ಬೇಕರಿಯವನು. "ದಿನಾ ಒಲೆ ಮುಂದೆ ನಿಲ್ಲೋನು ನಾನು, ನನಗೇ ಆ ನಲವತ್ತು ತಡಿಯಲ್ಲ. ನೀವು ಬಂದ್ರಿ, ತಂಪಾಯ್ತು. ನೀವು ಕುರ್ಚಿ ಬ್ಯಾಚಿಗೆ ಹೋದ್ರೆ ಮತ್ತೆ ಏರಿಸ್ತಾರಲ್ಲ ಅಂತ ಉಳಿಸ್ಕೊಂಡ್ವಿ. ಉಳಿಸ್ಕೊಂಡ್ರೆ ನೀವು ಗಟ್ಟಿ ಅಂತ ಆಗಿಬಿಡುತ್ತೆ ಅನ್ನೋದು ಹೊಳೀಲಿಲ್ಲ ನೋಡಿ."

"ಮೂರು ವಾರ ಸುಖವಾಗಿದ್ವಿ" ಎಂದು ಹೆಡ್‌ಮಿಸ್ ಚಾಪೆ ಸುತ್ತುತ್ತ ಹೇಳಿದರು. "ಅಷ್ಟು ನಿಮ್ಮ ಪುಣ್ಯ. ಮನಸಾರೆ ಹೇಳ್ತಿದೀನಿ."

ಗಡಿಯಾರದಣ್ಣನಿಗೆ ಕೋಪ ಬರಲಿಲ್ಲ. ಯಾವ ಕಾರಣಕ್ಕೆ ಹಿಡಿದರೇನು, ಬೀಳದ ಹಾಗೆ ಹಿಡಿದದ್ದಂತೂ ನಿಜ. ತನ್ನಂಥ ಬೊಜ್ಜು ಮೈಯಿಂದ ಇಷ್ಟು ಜನಕ್ಕೆ ಮೂರು ವಾರ ಉಪಕಾರವಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ. ಇವರನ್ನು ನಲವತ್ತು ಡಿಗ್ರಿಗೆ ನೂಕುವುದು ಧರ್ಮವಲ್ಲ ಅನಿಸಿತು. ತಾನೂ ಅದೇ ಕೋಣೆಯಲ್ಲಿ ಬೇಯಬೇಕು ಎನ್ನುವುದು ಎರಡನೆಯ ಕಾರಣ, ಅದನ್ನು ಅವನು ಯಾರಿಗೂ ಹೇಳಲಿಲ್ಲ.

"ಟೀಚರಮ್ಮಾ, ನನ್ನದು ತಪ್ಪಾಯ್ತು" ಎಂದು ಮುಂದೆ ಬಂದ. "ನಾನು ತೊಂಬತ್ತು ನಿಮಿಷ ಇರಲೇ ಇಲ್ಲ. ಗಡಿಯಾರಕ್ಕೆ ಗಿಡ್ಡ ಲೋಲಕ ಹಾಕಿ ಓಡಿಸಿದೀನಿ. ಹೊರಗೆ ಫೋನು ನೋಡಿ, ಏಳು ಹತ್ತು ಅಷ್ಟೇ. ನಾನು ಗಟ್ಟಿ ಅಲ್ಲ. ದಯವಿಟ್ಟು ಮೂವತ್ತಮೂರೇ ಇರಲಿ."

ಟೀಚರಮ್ಮ ಹೊರಗೆ ಹೋಗಿ ಫೋನು ನೋಡಿ ಬಂದರು. ಬೇಕರಿಯವನ ಮುಖಕ್ಕೆ ಕಳೆ ಮರಳಿತು. ಇಡೀ ಬ್ಯಾಚು ಗಡಿಯಾರದಣ್ಣನನ್ನು ಈಗ ನಿಜವಾದ ಕೃತಜ್ಞತೆಯಿಂದ ನೋಡಿತು. ಟೀಚರಮ್ಮ ಮಾತ್ರ ಬಾಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು.

"ಅಂದ್ರೆ ಇಪ್ಪತ್ತಾರು ಆಸನ, ಒಂದೂ ಬಿಡದೆ, ನೀರಿನ ಬಿಡುವಿಲ್ಲದೆ, ಮಲಗದೆ, ಎಪ್ಪತ್ತೇ ನಿಮಿಷದಲ್ಲಿ" ಅಂದರು. ಅವರ ದನಿಯಲ್ಲಿ ಭಕ್ತಿಯೇ ಇತ್ತು. "ಇದನ್ನ ನನ್ನ ಗುರುಗಳೂ ಮಾಡಿಸಿಲ್ಲ. ನಿಮ್ಮನ್ನ ನಾನು ತುಂಬಾ ಕಮ್ಮಿ ಅಂದ್ಕೊಂಡಿದ್ದೆ ಅಣ್ಣಾ, ಕ್ಷಮಿಸಿ. ನಲವತ್ತು ನಿಮಗೆ ಸಾಲದು. ನಲವತ್ತೆರಡಕ್ಕೇ ಹೋಗೋಣ."

ಗಡಿಯಾರದಣ್ಣ ಇನ್ನೇನೋ ಹೇಳಲು ಬಾಯಿ ತೆರೆದ. ಹೆಡ್‌ಮಿಸ್ ಅವನ ಕತ್ತಿನ ಮೇಲಿದ್ದ ಟವೆಲನ್ನೇ ಎಳೆದು ಅವನ ಬಾಯಿಗೆ ಒತ್ತಿದರು.

"ಸಾಕು ಸುಮ್ಮನಿರಿ. ಇನ್ನೊಂದು ನಿಜ ಹೇಳಿದ್ರೆ ನಲವತ್ತೈದು ಮಾಡ್ತಾರೆ."