ದಿಬ್ಬದ ಮೇಲಿನ ಐದು ಗುಂಟೆ

ಅಪ್ಪಯ್ಯಣ್ಣ: ಮೂರು ಎಕರೆ ಮೂವತ್ತಾರು ಗುಂಟೆ ಅಂತ ಯಾವ ಬಾಯಲ್ಲಿ ಹೇಳ್ತೀರಿ ಸಾರ್? ನಮ್ಮಪ್ಪ ಉತ್ತಿದ್ದು ನಾಲ್ಕು ಎಕರೆ, ನಾನು ಉಳ್ತಿರೋದು ನಾಲ್ಕು ಎಕರೆ.

ವೆಂಕಟರಾಯಪ್ಪ: ನಾನೆಲ್ಲಿ ಹೇಳ್ತಿದೀನಪ್ಪ? ಸರಪಳಿ ಹೇಳ್ತಿದೆ.

ಸೊಣ್ಣಪ್ಪ: ಹೇಳ್ಲಿ ಬಿಡಿ ಸಾರ್. ನಾಲ್ಕು ಗುಂಟೆ ಸುಳ್ಳು ಇವತ್ತು ಈಚೆಗೆ ಬಂತು. ಎರಡು ಜೊತೆ ಎತ್ತು ಅಂದಿದ್ದ, ಅವುಗಳ ಕಾಲನ್ನೂ ಒಂದ್ಸಲ ಎಣಿಸಿಬಿಡೋಣ.

ಆವತಿಯ ಅಪ್ಪಯ್ಯಣ್ಣನ ಮಗನಿಗೆ ಸಮೇತನಹಳ್ಳಿಯ ಸೊಣ್ಣಪ್ಪನ ಮಗಳು ಮುನಿರತ್ನಮ್ಮನನ್ನು ತರುವ ಮಾತು ಮುಗಿದು, ತಾಂಬೂಲ ಒಂದು ಬಾಕಿ ಇತ್ತು. ಹುಡುಗನ ಕಡೆಯವರು ನಾಲ್ಕು ಎಕರೆ ಹೊಲ ಎಂದಿದ್ದರು. ಖಾತೆಯಲ್ಲಿ ಮೂರು ಎಕರೆ ಮೂವತ್ತೈದು ಗುಂಟೆ ಎಂದಿತ್ತು. ಅದು ತಾತನ ಕಾಲದ ಸರ್ವೆ, ಕಣ್ಣು ಕಾಣದವನು ಅಳೆದದ್ದು ಎಂದು ಅಪ್ಪಯ್ಯಣ್ಣನ ವಾದ. ಹಾಗಾದರೆ ಕಣ್ಣಿರುವವನನ್ನು ಕರೆಸು, ನಾಲ್ಕು ಬಂದರೆ ತಾಂಬೂಲ, ಬಾರದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಸೊಣ್ಣಪ್ಪನ ಹಟ. ಹೀಗಾಗಿ ಎರಡನೆಯ ಮಹಾಯುದ್ಧದ ಐದನೆಯ ವರ್ಷದಲ್ಲಿ, ಅಪ್ಪಯ್ಯಣ್ಣನ ಅರ್ಜಿಯ ಮೇಲೆ, ತಾಲ್ಲೂಕು ಸರ್ವೆಯರ್ ವೆಂಕಟರಾಯಪ್ಪನವರು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಮುಖ ಕಪ್ಪು ಮಾಡಿಕೊಂಡು ಬಂದಿಳಿದರು. ಸರಪಳಿ ಎಳೆಯುವ ಆಳುಗಳಿಬ್ಬರಿಗೂ ಚಳಿಜ್ವರ. ಬೀಗರಾಗಬೇಕಾದವರೇ ಆಳುಗಳಾದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಸರ್ವೆಯರ್ ಅಂದು ಬೆಳಗಿನಿಂದ ನಾಲ್ಕು ಸಲ ಹೇಳಿದ್ದರು.

ಅಪ್ಪಯ್ಯಣ್ಣ: ಅದು ಹೋಗ್ಲಿ ಸಾರ್, ಹೊಲದ ಮಧ್ಯ ಯಾಕೆ ಎಳ್ಸಿದ್ರಿ ಸರಪಳೀನ? ಈ ಮೂಲೆಯಿಂದ ಆ ಮೂಲೆಗೆ ಗೆರೆ ಹಾಕಿ ಹೊಲಾನ ಎರಡು ಭಾಗ ಮಾಡಿಬಿಟ್ರಿ. ನಾವು ಅಣ್ಣತಮ್ಮಂದಿರೇ ಭಾಗ ಆಗಿಲ್ಲ.

ವೆಂಕಟರಾಯಪ್ಪ: ಭಾಗ ಅಲ್ಲಯ್ಯ, ಲೆಕ್ಕಕ್ಕೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ನಾಲ್ಕು ಮೂಲೆ ಹೊಲಾನ ಇದ್ದ ಹಾಗೇ ಅಳೆಯೋಕಾಗಲ್ಲ. ತ್ರಿಕೋಣ ಆದರೆ ಆಗುತ್ತೆ. ಅದಕ್ಕೇ ಮೂಲೆಯಿಂದ ಮೂಲೆಗೆ ಒಂದು ಗೆರೆ, ಎರಡು ತ್ರಿಕೋಣ. ಎರಡನ್ನೂ ಅಳೆದು ಕೂಡಿಸೋದು.

ಅಪ್ಪಯ್ಯಣ್ಣ: ಹಂಗಾದ್ರೆ ಇನ್ನೆರಡು ಮೂಲೆ ಏನು ಪಾಪ ಮಾಡಿದ್ವು? ಆ ಕಡೆಯಿಂದ ಹಾಕಿ ಗೆರೆ.

ವೆಂಕಟರಾಯಪ್ಪ: ಹಾಕಿದ್ರೂ ಅಷ್ಟೇ ಬರುತ್ತೆ. ರೊಟ್ಟೀನ ಯಾವ ಕಡೆಯಿಂದ ಮುರಿದರೂ ರೊಟ್ಟಿ ಅಷ್ಟೇ ತಾನೇ?

ಅಪ್ಪಯ್ಯಣ್ಣ: ಇನ್ನೆಷ್ಟು ಥರ ಮುರೀಬಹುದು?

ವೆಂಕಟರಾಯಪ್ಪ: ನಾಲ್ಕು ಕಲ್ಲಿಗೆ ಎರಡೇ ಥರ. ಐದು ಕಲ್ಲಿದ್ರೆ ಐದು ಥರ. ಆರು ಕಲ್ಲಿದ್ರೆ ಹದಿನಾಲ್ಕು.

ಅಪ್ಪಯ್ಯಣ್ಣ: ನಿಂತ್ಕೊಳಿ ಹಂಗಾದ್ರೆ. ಇನ್ನೆರಡು ಕಲ್ಲು ನೆಟ್ಟುಬಿಡ್ತೀನಿ. ಹದಿನಾಲ್ಕರಲ್ಲಿ ಒಂದಾದ್ರೂ ನಾಲ್ಕು ಎಕರೆ ಬರಲ್ವಾ?

ಸೊಣ್ಣಪ್ಪ: ನೋಡಿ ಸಾರ್, ಇಂಥೋನಿಗೆ ನಾನು ಹೆಣ್ಣು ಕೊಡಬೇಕು.

ವೆಂಕಟರಾಯಪ್ಪನವರಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಲೆಕ್ಕ ತಪ್ಪಿದ್ದು ಒಂದು ಸಲವೂ ಇಲ್ಲ ಎಂಬುದನ್ನು ಅವರು ಕೇಳದವರಿಗೂ ಹೇಳುತ್ತಿದ್ದರು. ಈ ಅಪ್ಪಯ್ಯಣ್ಣನ ಬಾಯಿ ಮುಚ್ಚಿಸಿಬಿಡೋಣ ಎಂದು ಇನ್ನೆರಡು ಮೂಲೆಗೂ ಗೆರೆ ಎಳೆಸಿದರು. ಆ ಗೆರೆಯ ದಾರಿಯಲ್ಲಿ ಒಂದು ದೊಡ್ಡ ದಿಬ್ಬವಿತ್ತು. ಸರಪಳಿ ಅದನ್ನು ಹತ್ತಿತು, ಇಳಿಯಿತು. ಅವರು ಪುಸ್ತಕದಲ್ಲಿ ಕೂಡಿಸಿದರು. ಮತ್ತೆ ಕೂಡಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಕೂಡಿಸಿದರು.

ಸೊಣ್ಣಪ್ಪ: ಏನ್ಸಾರ್, ಬೆವರ್ತಿದೀರಿ?

ವೆಂಕಟರಾಯಪ್ಪ: ನಾಲ್ಕು ಎಕರೆ ಒಂದು ಗುಂಟೆ.

ಅಪ್ಪಯ್ಯಣ್ಣ: ಕೇಳಿಸ್ತೇನಪ್ಪಾ ಸೊಣ್ಣಪ್ಪ? ಒಂದು ಗುಂಟೆ ಜಾಸ್ತೀನೇ ಇದೆ. ಅದನ್ನ ನಿನ್ನ ಮಗಳ ಹೂವಿನ ಗಿಡಕ್ಕೆ ಬಿಟ್ಟೆ.

ಸೊಣ್ಣಪ್ಪ: ಅದೆಂಗೆ ಸಾರ್? ಅದೇ ಹೊಲ, ಅದೇ ಕಲ್ಲು. ಗಳಿಗೆಗೆ ಮುಂಚೆ ಐದು ಗುಂಟೆ ಎಲ್ಲಿಗೆ ಹೋಗಿತ್ತು? ರೊಟ್ಟಿ ಬೆಳೀತಾ?

ಸರ್ವೆಯರ್ ದಿಬ್ಬವನ್ನು ನೋಡಿದರು. ಆಗ ಅವರಿಗೆ ಹೊಳೆಯಿತು, ನಾಚಿಕೆಯೂ ಆಯಿತು.

ವೆಂಕಟರಾಯಪ್ಪ: ಮೂರು ಕಲ್ಲಿನ ಒಲೆ ಮೇಲೆ ಮಡಕೆ ಅಲ್ಲಾಡುತ್ತಾ?

ಅಪ್ಪಯ್ಯಣ್ಣ: ಇಲ್ಲ.

ವೆಂಕಟರಾಯಪ್ಪ: ನಾಲ್ಕನೇ ಕಲ್ಲು ಇಟ್ಟು ನೋಡು. ಅದು ಒಂದು ಬೆರಳು ಎತ್ತರ ಇದ್ರೆ ಮಡಕೆ ಅಲ್ಲಾಡುತ್ತೆ. ಮೂರು ಕಲ್ಲು ಯಾವತ್ತೂ ಒಂದೇ ಮಟ್ಟ, ನಾಲ್ಕನೇದು ಬಂದಾಗಲೇ ತಕರಾರು. ಈ ಹೊಲಾನೂ ಹಂಗೇ. ಒಂದು ಗೆರೆ ದಿಬ್ಬದ ಪಕ್ಕದ ಇಳಿಜಾರಲ್ಲಿ ಹೋಯ್ತು, ಇನ್ನೊಂದು ದಿಬ್ಬ ಹತ್ತಿ ಇಳಿದು ಉದ್ದ ಆಗೋಯ್ತು. ಎರಡೂ ಸುಳ್ಳು. ಸರಪಳೀನ ನೆಲಕ್ಕೆ ಬಿಡದೆ, ಮಟ್ಟಸವಾಗಿ ಗಾಳೀಲಿ ಹಿಡಿದು ಅಳೀಬೇಕಿತ್ತು. ಬೆಳಗಿನಿಂದ ನಿಮ್ಮಿಬ್ಬರ ಜಗಳದಲ್ಲಿ ನನಗೇ ಮರೆತುಹೋಯ್ತು.

ಅಪ್ಪಯ್ಯಣ್ಣ: ಗಾಳೀಲಿ ಯಾಕೆ ಸಾರ್? ನಾನೇನು ಗಾಳೀಲಿ ಉಳ್ತೀನಾ? ನನ್ನ ಎತ್ತು ದಿಬ್ಬ ಹತ್ತುತ್ವೆ, ಇಳೀತ್ವೆ. ನಾಲ್ಕು ಎಕರೆ ನಡ್ದಷ್ಟು ಅವುಕ್ಕೆ ಸುಸ್ತಾಗುತ್ತೆ. ಅವನ್ನೇ ಕೇಳಿ.

ವೆಂಕಟರಾಯಪ್ಪ: ನಿನ್ನ ರಾಗಿ ಪೈರು ದಿಬ್ಬಕ್ಕೆ ಅಡ್ಡಡ್ಡ ಬೆಳೆಯುತ್ತೇನಪ್ಪ? ಆಕಾಶಕ್ಕೆ ನೆಟ್ಟಗೆ ಬೆಳೆಯುತ್ತೆ. ಮಳೆ ನೆಟ್ಟಗೆ ಬೀಳುತ್ತೆ. ಅದಕ್ಕೇ ಸರ್ಕಾರ ಮಟ್ಟಸವಾಗಿ ಅಳೆಯೋದು.

ಅಪ್ಪಯ್ಯಣ್ಣ: ಅದೆಲ್ಲಾ ನನಗ್ಗೊತ್ತಿಲ್ಲ. ನಾಲ್ಕು ಎಕರೆ ಒಂದು ಗುಂಟೆ ಅಂತ ನಿಮ್ಮ ಕೈಯಾರೆ ಬರ್ದಿದೀರಿ. ಅದಕ್ಕೇ ರುಜು ಹಾಕಿ.

ಸೊಣ್ಣಪ್ಪ: ಬರೀರಿ ಸಾರ್. ನಾಲ್ಕು ಅಂತ ಕಾಗದದಲ್ಲಿ ಬಂದ್ರೆ ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ. ನಮ್ಮೂರಲ್ಲಿ ಹೇಳ್ಕೊಳೋಕೆ ನನಗೂ ಒಂದು ಕಾಗದ ಬೇಕು.

ಮಧ್ಯಾಹ್ನದ ಬಿಸಿಲು. ದೇವನಹಳ್ಳಿಗೆ ಹಿಂದಿರುಗುವ ಬಸ್ಸು ಒಂದೇ. ವೆಂಕಟರಾಯಪ್ಪನವರು ಒಂದು ನಿಟ್ಟುಸಿರು ಬಿಟ್ಟು, ಅರ್ಜಿದಾರನ ಒಪ್ಪಿಗೆ ಎಂದು ನಾಲ್ಕು ಸಾಲು ಗೀಚಿ, ಮಸಿಯ ದಿಂಬನ್ನು ಮುಂದೆ ಹಿಡಿದರು. ಅಪ್ಪಯ್ಯಣ್ಣ ಎಡಗೈ ಹೆಬ್ಬೆಟ್ಟನ್ನು ಅದರಲ್ಲಿ ಚೆನ್ನಾಗಿ ಹೊರಳಿಸಿದ.

ವೆಂಕಟರಾಯಪ್ಪ: ಒತ್ತು. ಸಂಜೆಗೆ ಇದರ ನಕಲು ಶಾನುಭೋಗರಿಗೂ ಹೋಗುತ್ತೆ.

ಅಪ್ಪಯ್ಯಣ್ಣ: ಅವರಿಗ್ಯಾಕೆ?

ವೆಂಕಟರಾಯಪ್ಪ: ರಾಗಿ ಲೆವಿಗೆ. ಹೋದ ವಾರ ಆರ್ಡರು ಬಂದಿದೆ. ನಾಲ್ಕು ಎಕರೆ ಮುಟ್ಟಿದವರೆಲ್ಲ ಎಕರೆಗೆ ಇಷ್ಟು ಪಲ್ಲ ರಾಗಿ ಅಂತ ಸರ್ಕಾರಕ್ಕೆ ಕೊಡಬೇಕು. ನಾಲ್ಕರ ಒಳಗಿನವರಿಗೆ ಇಲ್ಲ. ಹಳೇ ಖಾತೆ ಪ್ರಕಾರ ನಿನಗೆ ಇರಲಿಲ್ಲ. ಈಗ ಬಂತು. ಒತ್ತು, ಬಸ್ಸಿಗೆ ಹೊತ್ತಾಯ್ತು.

ಹೆಬ್ಬೆಟ್ಟು ಕಾಗದದಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಅಪ್ಪಯ್ಯಣ್ಣ ಸರ್ವೆಯರನ್ನು ನೋಡಿದ, ಸೊಣ್ಣಪ್ಪನನ್ನು ನೋಡಿದ. ಆಮೇಲೆ ಬೆರಳನ್ನು ಹೆಗಲ ಮೇಲಿನ ಟವಲ್ಲಿಗೆ ಒರೆಸಿಕೊಂಡ.

ಅಪ್ಪಯ್ಯಣ್ಣ: ಸಾರ್, ನೀವು ಹೇಳಿದ್ದೇ ಸರಿ. ರಾಗಿ ನೆಟ್ಟಗೇ ಬೆಳೆಯುತ್ತೆ.

ವೆಂಕಟರಾಯಪ್ಪ: ಎತ್ತಿನ ಸುಸ್ತು?

ಅಪ್ಪಯ್ಯಣ್ಣ: ಎತ್ತಿಗೇನು ಬುದ್ಧಿ ಇರುತ್ತೆ ಸಾರ್? ಕೊಡಿ ಸರಪಳೀನ, ಗಾಳೀಲಿ ಹಿಡೀತೀನಿ.

ಹಿಡಿದ. ಕಂಬದಂತೆ ನಿಂತು, ದಿಬ್ಬದ ಏರಿನಲ್ಲಿ ತುಂಡು ತುಂಡಾಗಿ, ಮಟ್ಟಸವಾಗಿ ಹಿಡಿದ. ಎರಡೂ ಗೆರೆಗೂ ಲೆಕ್ಕ ಒಂದೇ ಬಂತು. ಮೂರು ಎಕರೆ ಮೂವತ್ತೈದು ಗುಂಟೆ, ತಾತನ ಕಾಲದ ಕಣ್ಣು ಕಾಣದವನು ಬರೆದಷ್ಟೇ. ಸರ್ವೆಯರ್ ಮುಖದಲ್ಲಿ ಬೆಳಗಿನಿಂದ ಇಲ್ಲದ ಕಳೆ ಬಂತು. ಸೊಣ್ಣಪ್ಪ ಮಾತ್ರ ತನ್ನ ಕೈಲಿದ್ದ ಸರಪಳಿಯ ತುದಿಯನ್ನು ಕೆಳಗಿಟ್ಟುಬಿಟ್ಟ.

ಅಪ್ಪಯ್ಯಣ್ಣ: ಸೊಣ್ಣಪ್ಪ, ನಿನ್ನ ಮುಖ ನೋಡೋಕೆ ನನಗೆ ನಾಚಿಕೆ ಆಗ್ತದೆ ಕಣಯ್ಯ. ಲೆವಿ ಕೊಟ್ರೆ ಮನೇಲಿ ಮುದ್ದೆಗೆ ರಾಗಿ ಇರಲ್ಲ. ಬಂದ ಸೊಸೆಗೆ ಏನಿಕ್ಕಲಿ? ಲೆವಿ ಇಲ್ಲ ಅಂದ್ರೆ ಸೊಸೇನೇ ಬರಲ್ಲ. ನನ್ನ ಮಗ ಮುನಿರತ್ನಮ್ಮನ್ನ ಬಿಟ್ಟು ಬೇರೆ ಹೆಣ್ಣು ಬೇಡ ಅಂತಾನೆ. ನಾನೇನ್ಮಾಡ್ಲಿ ಹೇಳು.

ಸೊಣ್ಣಪ್ಪ: ಉಳೋಕೆ ಎಷ್ಟು ಅಂದೆ?

ಅಪ್ಪಯ್ಯಣ್ಣ: ನಾಲ್ಕು. ದೇವರಾಣೆಗೂ.

ಸೊಣ್ಣಪ್ಪ: ಸರ್ಕಾರಕ್ಕೆ?

ಅಪ್ಪಯ್ಯಣ್ಣ: ನಾಲ್ಕಿಲ್ಲ.

ಸೊಣ್ಣಪ್ಪ: ಉತ್ರೆ ನಾಲ್ಕು, ಅಳೆದ್ರೆ ನಾಲ್ಕಿಲ್ಲ. ಈ ಕಾಲದಲ್ಲಿ ಇಂಥ ಮನೆ ನನ್ನ ಮಗಳಿಗೆ ಇನ್ನೆಲ್ಲಿ ಸಿಗುತ್ತಪ್ಪಾ? ಶುಕ್ರವಾರ ತಾಂಬೂಲ ಇಟ್ಕೋ.

ಅಪ್ಪಯ್ಯಣ್ಣನ ಕಣ್ಣು ತುಂಬಿತು. ಮಸಿಯ ಟವಲ್ಲಿನಲ್ಲೇ ಒರೆಸಿಕೊಂಡದ್ದರಿಂದ ಮುಖವೆಲ್ಲ ಕಪ್ಪಾಯಿತು. ವೆಂಕಟರಾಯಪ್ಪನವರು ಮೂವತ್ತೈದು ಗುಂಟೆಗೆ ರುಜು ಹಾಕಿ, ಸರಪಳಿ ಮಡಚಿ, ಬಸ್ಸಿನ ದಾರಿ ಹಿಡಿದರು. ಸೊಣ್ಣಪ್ಪ ಅವರ ಹಿಂದೆಯೇ ಓಡಿದ.

ಸೊಣ್ಣಪ್ಪ: ಸಾರ್, ಒಂದು ಮಾತು. ಸಮೇತನಹಳ್ಳೀಲಿ ನನ್ನ ಹೊಲ ನಾಲ್ಕು ಎಕರೆ ಎರಡು ಗುಂಟೆ. ಅಂಗೈ ಹಂಗೆ ಮಟ್ಟಸ. ಅದರ ಮಧ್ಯ ಒಂದು ದಿಬ್ಬ ಹಾಕಿಸಿದ್ರೆ ಎಷ್ಟು ಗುಂಟೆ ಇಳಿಯುತ್ತೆ?