ಮೇಲ್ ಸರ್ವರಿಗೆ ಮನೆ ಹುಡುಕಿದ್ದು

‘ನಾನು ಪಕ್ಷಪಾತಿಯಲ್ಲ’ ಎಂದು ಹೇಳಿಕೊಳ್ಳುವವರನ್ನು ನಂಬಬೇಡಿ. ಹಾಗೆ ಹೇಳಿಕೊಂಡೇ ಕೆಟ್ಟವನು ನಾನು. ನಮ್ಮ ಸಹಕಾರ ಸಂಘದ ಕಂಪ್ಯೂಟರುಗಳಿಗೆಲ್ಲ ನಾನೊಬ್ಬನೇ ವೈದ್ಯ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಾಲ್ಕು ಕಚೇರಿ. ನಾಲ್ಕಕ್ಕೂ ಬೇರೆ ಬೇರೆ ಡೊಮೇನು, ಅಂದರೆ ಅವರವರ ಕಂಪ್ಯೂಟರುಗಳದ್ದೇ ಪ್ರತ್ಯೇಕ ಸಂಸಾರ. ಭಾಗವಾದ ಅಣ್ಣತಮ್ಮಂದಿರ ಹಾಗೆ, ಒಬ್ಬರ ಬೀಗದ ಕೈ ಇನ್ನೊಬ್ಬರ ಮನೆಗೆ ಸೇರದು. ಇವರೆಲ್ಲರಿಗೂ ಸೇರಿ ಇ-ಮೇಲ್ ಹಂಚುವ ಯಂತ್ರ, ಒಂದೇ ಮೇಲ್ ಸರ್ವರು ಬರುತ್ತದೆ, ಅದನ್ನು ಯಾವ ಡೊಮೇನಿನಲ್ಲಿ ಇಡಬೇಕೆಂದು ನೀನೇ ವರದಿ ಕೊಡು ಎಂದರು ಕಾರ್ಯದರ್ಶಿಗಳು.

ನನಗೆ ಕುಣಿಯುವಷ್ಟು ಖುಷಿ, ಜೊತೆಗೆ ಸಣ್ಣ ಭಯ. ಸರ್ವರು ಇದ್ದಲ್ಲೇ ಅದರ ಆಳೂ ಇರಬೇಕೆಂಬುದು ಸಂಘದಲ್ಲಿ ಎಲ್ಲರ ನಂಬಿಕೆ. ನನ್ನ ಮನೆಯೋ ಶ್ರೀರಂಗಪಟ್ಟಣದ ಕಚೇರಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮಧ್ಯಾಹ್ನ ಬಿಸಿ ಮುದ್ದೆ ಉಂಡು, ಹತ್ತು ನಿಮಿಷ ಕಣ್ಣು ಮುಚ್ಚಿ ಬರುವ ಸುಖ ಬಿಟ್ಟು ಬದುಕುವ ಶಕ್ತಿ ನನಗಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಸರ್ವರಿನ ಜೊತೆ ಏಸಿಯೂ ಬರುತ್ತದೆಂಬ ಸುದ್ದಿ ಅದು ಹೇಗೋ ಹೊರಬಿತ್ತು. ಅಲ್ಲಿಯವರೆಗೆ ಮೇಲ್ ಎಂದರೆ ಮೂಗು ಮುರಿಯುತ್ತಿದ್ದವರಿಗೆ ಅದರ ಮೇಲೆ ಎಲ್ಲಿಲ್ಲದ ಮಮತೆ. ಪಾಂಡವಪುರದಿಂದ ಗಂಟೆಗೊಮ್ಮೆ ಫೋನು: “ಕರೆಂಟ್ ಐತೆ ಕಣ್ಸಾ, ಬರ್ಕಳಿ!” ಕೆ.ಆರ್. ಪೇಟೆಯವರು ಕೋಣೆಗೆ ಸುಣ್ಣ ಬಳಿಸಿಯೇಬಿಟ್ಟರು. ನಾಗಮಂಗಲದ ಮ್ಯಾನೇಜರ್ ಪುಟ್ಟೇಗೌಡರು ಎಳನೀರಿನ ಗೊನೆಯೊಂದಿಗೇ ಬಸ್ಸಿಳಿದರು.

“ನಮ್ ಕಡೆ ಮಡಗಿ ಸಾ. ಮಗು ನೋಡ್ಕಂಡಂಗೆ ನೋಡ್ಕತೀವಿ. ನಿಮ್ಗೂ ಒಂದು ಬಾಡ್ಗೆ ಮನೆ ನೋಡಿವ್ನಿ.”

ಆ ಕೊನೆಯ ಮಾತು ಕೇಳಿಸದವನಂತೆ ಗೊನೆಯತ್ತ ತಿರುಗಿದೆ. ಎಳನೀರು ಮಾತ್ರ ಕುಡಿದೆ.

ಅಂದೇ ವರದಿ ಬರೆದೆ. ಇಂಟರ್ನೆಟ್ಟಿನ ಮುಖ್ಯ ಲೈನು ಇರುವುದು, ಹೆಚ್ಚು ಪತ್ರ ಹೊರಡುವುದು ಶ್ರೀರಂಗಪಟ್ಟಣದಿಂದ; ಆದ್ದರಿಂದ ಸರ್ವರೂ ಇಲ್ಲೇ. ಉಳಿದವರು ಮುನಿಸಿಕೊಳ್ಳಬಾರದಲ್ಲ! ಅದಕ್ಕೆ ಕೊನೆಗೊಂದು ಸಾಲು ಸೇರಿಸಿದೆ: ‘ಸರ್ವರು ಯಾವ ಡೊಮೇನಿನಲ್ಲಿದ್ದರೂ ಎಲ್ಲಿಂದ ಬೇಕಾದರೂ ನೋಡಿಕೊಳ್ಳಬಹುದು, ಪಕ್ಕದಲ್ಲಿ ಆಳು ಬೇಕಿಲ್ಲ.’ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾರ್ಯದರ್ಶಿಗಳು ಓದಿ ಹಿಗ್ಗಿದರು. “ಚೆಂದಾಗಿ ಬರ್ದಿದ್ದೀಯ ಕಣಯ್ಯ. ಸರ್ವರು ಇಲ್ಲೇ ಇರ್ಲಿ. ಪಕ್ಕದಲ್ಲಿ ಆಳು ಬ್ಯಾಡ ಅಂತ ನೀನೇ ಅಂದಿದ್ದೀಯಲ್ಲ. ನಾಗಮಂಗಲದವ್ರು ಕಂಪ್ಯೂಟ್ರಿಗೆ ಜನ ಇಲ್ಲ ಅಂತ ಬಾಯ್ ಬಡ್ಕತಾವ್ರೆ. ಇದ್ನ ಕೂರ್ಸ್‌ಬುಟ್ಟು ಅಲ್ಗೆ ಒಂಟೋಗು.”

ಕೂರಿಸಿದೆ. ಏಸಿಯ ತಂಪಿನಲ್ಲಿ ಅದು ಹಾಯಾಗಿ ಗುಂಯ್‌ಗುಟ್ಟಿತು. ಪರೀಕ್ಷೆಗೆಂದು ಕಾರ್ಯದರ್ಶಿಗಳು ಅದರಿಂದ ಕಳಿಸಿದ ಮೊದಲ ಮೇಲ್ ನನ್ನ ವರ್ಗಾವಣೆಯ ಆದೇಶ. ‘ಒಂದಕ್ಷರವೂ ಕೆಡದೆ ತಲುಪಿದೆ’ ಎಂದು ಉತ್ತರ ಬರೆದವನೂ ನಾನೇ.